ಅಮ್ಮನಿಗೆ ಬರೆಸಿದ ಕಾಮಾಲೆ

ನನ್ನ ತಾಯಿ ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆಂದು ಅವರನ್ನು ಅಮಾನತಿನಲ್ಲಿಟ್ಟಿರುವ ಆಡಳಿತ ಮಂಡಳಿಯೇ ಆ ಸುಳ್ಳನ್ನು ಅವರ ಕೈಗೆ ಕೊಟ್ಟದ್ದು. ಇದು ನನ್ನ ಆರೋಪ. ಸಿಟ್ಟಿನ ಭರದಲ್ಲಿ ಇದನ್ನು ಆಡುತ್ತಿಲ್ಲ. ಹಲಗೆಯ ಮೇಲೆ ಅಂಗಾತ ಮಲಗಿ ಕಳೆದ ತಿಂಗಳುಗಳಲ್ಲಿ ಒಂದೊಂದು ಮಾತನ್ನೂ ತೂಗಿ ನೋಡಿದ್ದೇನೆ, ಯಾವುದೂ ಹಗುರವಾಗಲಿಲ್ಲ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅಂಜಿಕೆಯಿಂದಲ್ಲ; ಇಂಥದೇ ಬೇರೆ ಕಚೇರಿಗಳಲ್ಲಿ ಇಂಥದೇ ಕುರ್ಚಿಗಳ ಮೇಲೆ ಕುಳಿತವರು, ಇದು ನಮ್ಮ ಮಾತಲ್ಲ ಎಂದು ನಿರಾಳವಾಗಬಾರದು ಎಂಬ ಕಾರಣಕ್ಕೆ.

ನಾವಿಬ್ಬರೂ ಅರಸೀಕೆರೆಯ ಒಂದೇ ವಿದ್ಯಾಸಂಸ್ಥೆಯ ನೌಕರರು. ಅಮ್ಮ ಜಯಮ್ಮ, ಅದರ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗುಮಾಸ್ತೆ. ನಾನು ಸುಜಾತ, ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು ಅದೇ ಸಂಸ್ಥೆಯ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳು. ಅಪ್ಪ ನನ್ನ ಬಾಲ್ಯದಲ್ಲೇ ತೀರಿಕೊಂಡರು. ಮದುವೆಯಾದ ಹೊಸತರಲ್ಲಿ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಬೌದ್ಧ ದೀಕ್ಷೆ ಪಡೆದಿದ್ದರು. ಅಪ್ಪ ಹೋದ ಮೇಲೂ ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮ ದೀಪ ಹಚ್ಚಿ ಪಂಚಶೀಲ ಹೇಳುವುದು ತಪ್ಪಲಿಲ್ಲ. ಅದರಲ್ಲಿ ನಾಲ್ಕನೆಯದು, ಸುಳ್ಳಾಡುವುದರಿಂದ ದೂರವಿರುತ್ತೇನೆ ಎಂಬ ಶೀಲ. ಅದನ್ನು ಅವರು ಬಾಯಿಪಾಠವೆಂದು ತಿಳಿದವರಲ್ಲ. ಮನೆಗೆ ಬೇಡದವರು ಬಂದಾಗ 'ಅಮ್ಮ ಇಲ್ಲ ಅಂತ ಹೇಳು' ಎಂದು ಒಮ್ಮೆಯೂ ನನಗೆ ಹೇಳಿಕೊಟ್ಟವರಲ್ಲ.

ಇನ್ನು ನಮ್ಮ ಸಂಸ್ಥೆಯ ಪದ್ಧತಿ. ರಾಗಿ ಕೊಯ್ಲಿಗೆ, ತಂಗಿಯ ಮದುವೆಗೆ, ಮನೆಗೆ ತಾರಸಿ ಹಾಕಿಸುವುದಕ್ಕೆ, ಯಾವುದಕ್ಕೇ ಆಗಲಿ, ಕೆಲವು ವಾರಗಳ ರಜೆ ಬೇಕಾದವರಿಗೆ ಅಲ್ಲಿ ಕಾಮಾಲೆಯಾಗುತ್ತದೆ. ಜ್ವರವೆಂದರೆ ವಾರದಲ್ಲಿ ಇಳಿಯಬೇಕು; ಕೈ ಮುರಿದಿದೆಯೆಂದರೆ ಕಟ್ಟು ತೋರಿಸಬೇಕು. ಕಾಮಾಲೆಗೆ ಅಂಥ ತಾಪತ್ರಯವಿಲ್ಲ. ವಿಶ್ರಾಂತಿಯೇ ಮದ್ದು, ವಾಸಿಯಾದ ಮೇಲೆ ಗುರುತೂ ಉಳಿಯುವುದಿಲ್ಲ. ನಮ್ಮ ಭೌತಶಾಸ್ತ್ರದ ಮೇಷ್ಟ್ರಿಗೆ ಪ್ರತಿ ಕೊಯ್ಲಿಗೂ ಕಾಮಾಲೆ. ಮರಳಿ ಬರುವಾಗ ಬಿಸಿಲಿಗೆ ಕಪ್ಪಾಗಿ, ಮೈಕೈ ತುಂಬಿಕೊಂಡು ಬರುತ್ತಿದ್ದರು. "ಏನ್ಲಾ, ಈ ಸಲದ ಕಾಮಾಲೆ ಎಷ್ಟು ಮೂಟೆ ಆಯ್ತು?" ಎಂದು ಅವರ ಗೆಳೆಯರು ಅಧ್ಯಾಪಕರ ಕೊಠಡಿಯಲ್ಲಿ ಗಟ್ಟಿಯಾಗಿಯೇ ಕೇಳುವರು. ರಜೆ ಅರ್ಜಿಗಳನ್ನು ನೋಡುವ ಕಚೇರಿಯ ಸೂಪರಿಂಟೆಂಡೆಂಟ್ ರಂಗಸ್ವಾಮಿಯವರೂ ಆ ನಗುವಿನಲ್ಲಿ ಸೇರಿಕೊಳ್ಳುವರು. ನಾನೂ ನಕ್ಕಿದ್ದೇನೆ. ಎಲ್ಲರಿಗೂ ಗೊತ್ತಿದ್ದ ಈ ಸುಳ್ಳು ಯಾರನ್ನು ಕಡಿಯುತ್ತದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ನನ್ನ ಕಾಯಿಲೆ ಬೆನ್ನು ನೋವಾಗಿ ಶುರುವಾಯಿತು. ಕಪ್ಪುಹಲಗೆಯ ಮೇಲಿನ ಸಾಲಿನಲ್ಲಿ ಬರೆಯಲು ಕೈಯೆತ್ತಿದರೆ ಹೆಗಲುಗಳ ನಡುವೆ ಯಾರೋ ಉಗುರಿಟ್ಟು ಒತ್ತಿದಂತಾಗುತ್ತಿತ್ತು. ಬಸ್ಸಿನ ಕುಲುಕಾಟ ಎಂದರು, ರಕ್ತ ಕಡಿಮೆ ಎಂದರು, ಮದುವೆಯಾದರೆ ಸರಿಹೋಗುತ್ತದೆ ಎಂದವರೂ ಇದ್ದರು. ಬಿಕ್ಕೋಡಿನ ಕಡೆ ಉಳುಕು ತೆಗೆಯುವವರೊಬ್ಬರು ಎಣ್ಣೆ ಹಾಕಿ ನೀವಿದರು. ಆ ನೋವಿಗೆ ನಾನು ಕೂಗಿದ ಕೂಗು ಅವರನ್ನೇ ಹೆದರಿಸಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ರವಿಕೆಗಳು ಸಡಿಲವಾದವು. ಒಂದು ದಿನ ಕಾಲೇಜಿನಿಂದ ಮನೆಗೆ ನಡೆದು ಬಂದಾಗ ಅಮ್ಮ ಬಾಗಿಲಲ್ಲಿ ನಿಂತು, "ಒಂದು ಚಪ್ಪಲಿ ಎಲ್ಲೇ?" ಎಂದು ಕೇಳಿದರು. ಕೆಳಗೆ ನೋಡಿದೆ. ಎಡಗಾಲು ಬರಿಗಾಲಾಗಿತ್ತು. ಚಪ್ಪಲಿ ಎಲ್ಲಿ ಜಾರಿತೋ, ಎಷ್ಟು ದೂರ ಬರಿಗಾಲಲ್ಲಿ ನಡೆದಿದ್ದೆನೋ ನನಗೆ ತಿಳಿದಿರಲಿಲ್ಲ. ಅಮ್ಮ ನನ್ನ ಪಾದವನ್ನು ಮಡಿಲಿಗೆ ತೆಗೆದುಕೊಂಡು ಹೆಬ್ಬೆರಳನ್ನು ಚಿವುಟಿದರು. "ಗೊತ್ತಾಗ್ತದಾ?" "ಇಲ್ಲಮ್ಮ." ಮರುದಿನ ಹಾಸನಕ್ಕೆ ಹೊರಟೆವು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕಬ್ಬಿಣದ ಬೆಂಚುಗಳಿದ್ದವು. ಕೂರಲಾಗದೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಎದುರು ಬೆಂಚಿನ ಅಪರಿಚಿತ ಹೆಂಗಸೊಬ್ಬರು ತಮ್ಮ ಕಂಬಳಿಯನ್ನು ನೆಲಕ್ಕೆ ಹಾಸಿ, "ನಾಚ್ಕೋಬ್ಯಾಡ ಕಣವ್ವ, ಇಲ್ಲಿ ಬಂದೋರೆಲ್ಲಾ ಒಂದಲ್ಲ ಒಂದ್ಸಲ ಬಿದ್ದೋರೇಯ" ಎಂದರು. ಎಲ್ಲರ ಕಾಲುಗಳ ನಡುವೆ ನೆಲದ ಮೇಲೆ ಮಲಗಿ ನಾನು ಎಕ್ಸ್‌ರೇಗೆ ಕಾದೆ. ಆ ಕಂಬಳಿಯ ಋಣ ನನ್ನ ಮೇಲಿದೆ.

ಎಕ್ಸ್‌ರೇ, ಆಮೇಲೆ ಬೆನ್ನಿನೊಳಕ್ಕೆ ಸೂಜಿ, ಆಮೇಲೆ ಮತ್ತೊಂದು ಕಾಯುವಿಕೆ. ಕೊನೆಗೆ ಮೂಳೆ ವೈದ್ಯರು ಹೇಳಿದ್ದು, ಬೆನ್ನುಮೂಳೆಯ ಕ್ಷಯ. ಅಮ್ಮ ಆ ಮಾತಿನ ವಿರುದ್ಧ ವಾದ ಹೂಡಿದರು. "ಇವಳಿಗೆ ಒಂದು ದಿನ ಕೆಮ್ಮಿಲ್ಲ ಡಾಕ್ಟ್ರೇ. ಕೆಮ್ಮೇ ಇಲ್ದೆ ಕ್ಷಯ ಹೆಂಗೆ?"

"ಶ್ವಾಸಕೋಶಕ್ಕೆ ಬಂದಿಲ್ಲ ತಾಯಿ, ಮೂಳೆ ಒಳಗೆ ಕೂತಿದೆ. ಒಂದು ಲೆಕ್ಕಕ್ಕೆ ಒಳ್ಳೇದೇ, ಯಾರಿಗೂ ಅಂಟಲ್ಲ. ಮಾತ್ರೆ ಒಂದು ಹೊತ್ತೂ ಬಿಡಬಾರದು. ಹಲಗೆ ಮೇಲೆ ಮಲಗಿರಬೇಕು. ನಾನು ಹೇಳೋವರೆಗೂ ಕೂರೋ ಹಾಗಿಲ್ಲ, ನಿಲ್ಲೋ ಹಾಗಿಲ್ಲ. ಮಗ್ಗುಲು ತಿರುಗಿಸೋದಕ್ಕೂ ಇನ್ನೊಬ್ಬರು ಬೇಕು. ನಿಮ್ಮ ಮನೇಲಿ ಯಾರಿದ್ದಾರೆ?"

"ನಾನಿದ್ದೀನಿ," ಎಂದರು ಅಮ್ಮ.

ಹೊರಡುವಾಗ ವೈದ್ಯರು ಇನ್ನೊಂದು ಮಾತು ಸೇರಿಸಿದರು. "ದಿನಾ ಬೆಳಿಗ್ಗೆ ಕಣ್ಣು ನೋಡಿ. ಹಳದಿ ಕಂಡರೆ ಮಾತ್ರೆ ನಿಲ್ಲಿಸಿ ಓಡಿ ಬನ್ನಿ. ಈ ಮಾತ್ರೆಗೆ ಕೆಲವರಿಗೆ ಕಾಮಾಲೆ ಬರುತ್ತೆ. ಅದನ್ನ ಹಗುರವಾಗಿ ತಗೋಬೇಡಿ." ಆದರೆ ಮಾತ್ರೆಯಿಂದ ಮೂತ್ರ ಕೆಂಪಗಾಗುತ್ತದೆ ಎಂಬುದನ್ನು ಹೇಳಲು ಮರೆತಿದ್ದರು. ಮೊದಲ ದಿನ ಬೆಡ್‌ಪ್ಯಾನ್ ನೋಡಿ ಅಮ್ಮ ಎಸ್.ಟಿ.ಡಿ. ಬೂತಿಗೆ ಓಡಿ, ಸಾಲಿನಲ್ಲಿದ್ದವರನ್ನೆಲ್ಲ ಸರಿಸಿ ಆಸ್ಪತ್ರೆಗೆ ಫೋನು ಹಚ್ಚಿದರಂತೆ. ಮರಳಿ ಬಂದು, "ಔಷಧಿ ಬಣ್ಣ ಅಂತೆ ಕಣೇ. ಬೂತಿನಲ್ಲಿ ಇದ್ದೋರಿಗೆಲ್ಲ ನಿನ್ನ ಉಚ್ಚೆ ಸಮಾಚಾರ ಗೊತ್ತಾಯ್ತು" ಎಂದರು. ರೋಗ ತಿಳಿದ ಮೇಲೆ ನಾವಿಬ್ಬರೂ ನಕ್ಕದ್ದು ಅದೇ ಮೊದಲು.

ಅರಸೀಕೆರೆಯಲ್ಲಿ ನಮ್ಮದು ಮಹಡಿಯ ಬಾಡಿಗೆ ಮನೆ. ಇಕ್ಕಟ್ಟಿನ ಮೆಟ್ಟಿಲಲ್ಲಿ ಹಲಗೆಯನ್ನು ಹತ್ತಿಸಿ ಇಳಿಸುವುದು ಆಗದ ಮಾತು. ಹಾಗಾಗಿ ಹಳೇಬೀಡಿನಲ್ಲಿದ್ದ ಸೋದರಮಾವ ಮಲ್ಲೇಶ ಮಾವನ ಮನೆಗೆ ನನ್ನನ್ನು ಒಯ್ದರು. ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವುದು ಮಾವನ ಕೆಲಸ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಅತ್ತೆ ಆಗಷ್ಟೇ ಹೆತ್ತ ಬಾಣಂತಿ. ಅವರು ಒಂದು ಕೋಣೆಯಲ್ಲಿ, ನಾನು ಇನ್ನೊಂದರಲ್ಲಿ. "ಒಬ್ಬಳು ಮಗೂಗೆ ಮಲಗವ್ಳೆ, ಇನ್ನೊಬ್ಬಳು ಮೂಳೆಗೆ ಮಲಗವ್ಳೆ. ನೆಟ್ಟಗೆ ನಿಂತಿರೋದು ಈ ಮನೇಲಿ ನಾನೂ ನನ್ನ ಅಕ್ಕನೂ ಇಬ್ರೇಯ," ಎಂದು ಮಾವ ತಮಾಷೆ ಮಾಡುವನು. ಹೊರಗೆ ಪ್ರವಾಸಿಗರ ಬಸ್ಸುಗಳು ದೇವಸ್ಥಾನದತ್ತ ತಿರುಗುವ ಸದ್ದು ಹಗಲೆಲ್ಲ ಕೇಳುತ್ತಿತ್ತು. ಶಿಲ್ಪಗಳ ಬಗ್ಗೆ ಪರೀಕ್ಷೆಗೆ ಪುಟಗಟ್ಟಲೆ ಬರೆದಿದ್ದ ನಾನು, ನಡೆದರೆ ತಲುಪಬಹುದಾದಷ್ಟು ಹತ್ತಿರದಲ್ಲಿ ಮಲಗಿ ಸೂರಿನ ಹೆಂಚು ನೋಡುತ್ತಿದ್ದೆ.

ಪ್ರತಿ ಬೆಳಿಗ್ಗೆ ಕಿಟಕಿ ತೆರೆದು ಅಮ್ಮ ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಕಣ್ಣು ನೋಡುವರು. ತಮ್ಮ ಉಸಿರನ್ನು ಬಿಗಿ ಹಿಡಿದೇ ನೋಡುವರು. "ಬೆಳ್ಳಗಿದೆ" ಎಂಬ ಒಂದು ಮಾತಿನೊಂದಿಗೆ ನಮ್ಮ ದಿನ ಶುರುವಾಗುತ್ತಿತ್ತು. ನಮ್ಮ ಸಂಸ್ಥೆಯಲ್ಲಿ ನಗೆಯಾಗಿದ್ದ ಆ ರೋಗ ಈ ಮನೆಯಲ್ಲಿ ಹೆಸರೆತ್ತಲೂ ಅಂಜುವಂಥದಾಗಿತ್ತು.

ರಜೆಗಾಗಿ ನಾನು ಹಾಸನದ ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿ ಅರ್ಜಿ ಕಳಿಸಿದೆ. ಇದ್ದದ್ದು ಇದ್ದಂತೆ ಬರೆದಿತ್ತು: ಬೆನ್ನುಮೂಳೆಯ ಕ್ಷಯ, ಹಲವು ತಿಂಗಳ ಸಂಪೂರ್ಣ ವಿಶ್ರಾಂತಿ. ಅರ್ಜಿ ಹಿಂದಕ್ಕೆ ಬಂತು. ದೀರ್ಘ ರಜೆಗೆ ಸರ್ಕಾರಿ ವೈದ್ಯರ ಪ್ರಮಾಣಪತ್ರವೇ ಆಗಬೇಕು, ರೋಗಿಯು ಖುದ್ದು ಅವರೆದುರು ಹಾಜರಾಗಿ ರುಜು ಮಾಡಿರಬೇಕು ಎಂಬುದು ಮಂಡಳಿಯದೇ ಒಂದು ಸುತ್ತೋಲೆ. ಸುಳ್ಳು ರಜೆ ತಡೆಯಲೆಂದು ಮಾಡಿದ್ದಂತೆ. ಆ ಸುತ್ತೋಲೆಯಿಂದ ತಡೆಯಲ್ಪಟ್ಟವಳು, ನನಗೆ ತಿಳಿದಂತೆ, ನಾನೊಬ್ಬಳೇ. ಅಲ್ಪಾವಧಿಯ ರಜೆಗೆ ಅದು ಅನ್ವಯಿಸುವುದಿಲ್ಲ. ಅಲ್ಪಾವಧಿಯನ್ನು ಎಷ್ಟು ಸಲ ಬೇಕಾದರೂ ಮುಂದುವರಿಸಬಹುದು. ಹೀಗಾಗಿ ಕೊಯ್ಲಿನ ಕಾಮಾಲೆಗಳು ಅದರಡಿ ಸಲೀಸಾಗಿ ನುಸುಳಿದವು, ಏಳಲಾಗದ ಒಬ್ಬಳು ಸಿಕ್ಕಿಬಿದ್ದಳು.

ಮಾವ ಒಂದು ಜೀಪು ತಂದ. ಹಿಂದಿನ ಸೀಟು ಕಳಚಿ, ನನ್ನನ್ನು ಹಲಗೆ ಸಮೇತ ಒಳಗಿಟ್ಟು, ಹಗ್ಗದಿಂದ ಬಿಗಿದರು. ಹಳೇಬೀಡಿನಿಂದ ಬೇಲೂರಿಗೆ ಹೋಗುವ ಆ ರಸ್ತೆಯನ್ನು ನಾನು ಬೆನ್ನಿನಿಂದ ಓದಿದ್ದೇನೆ. ಪ್ರತಿ ಗುಂಡಿಗೂ ಅಮ್ಮ ತಮ್ಮೆರಡು ಅಂಗೈಗಳನ್ನು ನನ್ನ ಸೊಂಟದ ಕೆಳಗೆ ತೂರಿಸಿ ಏಟನ್ನು ತಾವು ತಿಂದರು. ಸರ್ಕಾರಿ ಆಸ್ಪತ್ರೆಯ ಮುಂದೆ ಜೀಪು ನಿಂತಾಗ ಹೊರರೋಗಿಗಳ ಸಾಲು ಬಾಗಿಲಿನಾಚೆಗೂ ಬೆಳೆದಿತ್ತು. ಮಾವ ಒಳಗೆ ಹೋಗಿ ಏನು ಹೇಳಿದನೋ, ವೈದ್ಯರು ಸ್ಟೆತಾಸ್ಕೋಪನ್ನು ಕೈಯಲ್ಲೇ ಹಿಡಿದುಕೊಂಡು ಬಿಸಿಲಿಗೆ ಬಂದರು. ಜೀಪಿನೊಳಗೆ ಬಗ್ಗಿ ನೋಡಿದರು.

"ಇವರನ್ನ ಇಲ್ಲಿಗೆ ತರೋಕೆ ಹೇಳಿದ್ದು ಯಾರ್ರೀ?"

"ನಮ್ಮ ಸಂಸ್ಥೆಯವರು ಸರ್. ಖುದ್ದು ಹಾಜರಾಗಬೇಕಂತೆ," ಎಂದೆ.

"ಮೂಳೆ ಕುಸಿದು ನರದ ಮೇಲೆ ಕೂತ್ರೆ ಅವರು ಬಂದು ನಿಲ್ಲಿಸ್ತಾರೇನ್ರೀ ನಿಮ್ಮನ್ನ?"

ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಅಲ್ಲೇ ಬರೆದುಕೊಟ್ಟರು. ರೋಗಿಯನ್ನು ಮತ್ತೆ ಸಾಗಿಸಕೂಡದು ಎಂಬ ವಾಕ್ಯದ ಕೆಳಗೆ ಗೆರೆ ಎಳೆದರು. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ಕಾಗದದ ಬದಲು ನನ್ನನ್ನು ನೋಡಿದ ಅಧಿಕಾರಸ್ಥರು ಅವರೊಬ್ಬರೇ.

ಆ ಪ್ರಮಾಣಪತ್ರವೂ ಹಿಂದಕ್ಕೆ ಬಂತು. ಒಮ್ಮೆಗೆ ಹದಿನೈದು ದಿನಗಳಿಗಿಂತ ಹೆಚ್ಚು ವಿಶ್ರಾಂತಿಯನ್ನು ದೃಢೀಕರಿಸುವಂತಿಲ್ಲ, ಅವಧಿ ಮುಗಿದೊಡನೆ ರೋಗಿಯು ಪುನಃ ಹಾಜರಾಗತಕ್ಕದ್ದು ಎಂದು ಷರಾ ಬರೆದಿದ್ದರು. ಜೊತೆಗೆ, ಕ್ಷಯರೋಗ ವಿದ್ಯಾರ್ಥಿಗಳಿಗೆ ಹರಡುವ ಸಂಭವದ ಬಗ್ಗೆ ಸ್ಪಷ್ಟನೆ ಕೋರಿದ್ದರು. ಹಲಗೆಯ ಮೇಲೆ ಮಲಗಿದವಳು ಹಳೇಬೀಡಿನಿಂದ ಅರಸೀಕೆರೆಯ ಮಕ್ಕಳಿಗೆ ಯಾವ ದಾರಿಯಲ್ಲಿ ರೋಗ ಹರಡಬಲ್ಲಳು ಎಂದು ನಾನು ಮರುಪತ್ರದಲ್ಲಿ ಕೇಳಿದೆ. ಉತ್ತರವಿಲ್ಲ. ಮತ್ತೆ ಜೀಪು ಹತ್ತುವುದಿಲ್ಲವೆಂದು ತೀರ್ಮಾನಿಸಿದೆ. ನನ್ನ ಗೈರುಹಾಜರಿ ಅನಧಿಕೃತವೆಂದು ದಾಖಲಾಯಿತು. ಆಗಲಿ ಎಂದುಕೊಂಡೆ. ನನ್ನ ಕೆಲಸ ಹೋದರೂ ಅಮ್ಮನ ಕೆಲಸವಿತ್ತು. ಬದುಕು ನಿಂತದ್ದು ಅದರ ಮೇಲೆ.

ಆದರೆ ಅಮ್ಮನ ರಜೆ ಮುಗಿಯುತ್ತ ಬಂದಿತ್ತು. ಗಳಿಸಿಟ್ಟುಕೊಂಡಿದ್ದ ರಜೆಯನ್ನೆಲ್ಲ ಅವರು ನನ್ನ ಹಾಸಿಗೆಯ ಪಕ್ಕ ಕರಗಿಸಿದ್ದರು. ಸಂಬಳವಿಲ್ಲದೆಯಾದರೂ ರಜೆ ಕೊಡಿ ಎಂದು ಅರ್ಜಿ ಕೊಟ್ಟರು. ಕಾರಣದ ಜಾಗದಲ್ಲಿ, ಮಗಳ ಆರೈಕೆ ಎಂದು ಬರೆದರು. ಅರ್ಜಿಯನ್ನು ತಿರಸ್ಕರಿಸಿದ ಮಂಡಳಿಯ ಕಾರ್ಯದರ್ಶಿಗಳ ಮಾತು ಒಂದೇ: ನೌಕರರು ಸ್ವತಃ ಅಸ್ವಸ್ಥರಲ್ಲ. ಅಮ್ಮ ಅರಸೀಕೆರೆಗೆ ಹೋಗಿ ರಂಗಸ್ವಾಮಿಯವರ ಮೇಜಿನ ಮುಂದೆ ನಿಂತರು. ಅಲ್ಲಿ ನಡೆದ ಮಾತನ್ನು ಅಂದು ಸಂಜೆ ನನಗೆ ಒಂದಕ್ಷರ ಬಿಡದೆ ಹೇಳಿದರು.

"ಮಗಳಿಗೆ ಕಾಯಿಲೆ ಅಂತ ರಜೆ ಇಲ್ಲ ಕಣಮ್ಮ. ನಿಮಗೇ ಕಾಯಿಲೆ ಅಂದ್ರೆ ಐತೆ."

"ನನಗೇನೂ ಕಾಯಿಲೆ ಇಲ್ವಲ್ಲ ಸಾರ್."

"ಅಯ್ಯೋ ಜಯಮ್ಮನವ್ರೇ, ಇಷ್ಟು ವರ್ಷ ಆಫೀಸಲ್ಲಿ ಕೂತು ನಿಮಗೆ ನಾನು ಹೇಳ್ಕೊಡಬೇಕಾ? ಬಸ್ ಸ್ಟ್ಯಾಂಡ್ ಎದುರು ಕ್ಲಿನಿಕ್ಕಿಗೆ ಹೋಗಿ ಕಾಮಾಲೆ ಅಂತ ಬರೆಸ್ಕೊಂಡು ಬನ್ನಿ. ನಾನೇ ಪಾಸ್ ಮಾಡಿಸ್ತೀನಿ. ಸೆಕ್ರೆಟ್ರಿ ಸಾಹೇಬ್ರೇ ಹೇಳವ್ರೆ, ಆ ಹೆಂಗಸಿಗೆ ದಾರಿ ತೋರ್ಸು ಅಂತ."

ಅಮ್ಮ ಆ ದಿನ ಬರಿಗೈಯಲ್ಲಿ ಮರಳಿದರು. ಭಾನುವಾರ ದೀಪ ಹಚ್ಚಿ ಪಂಚಶೀಲ ಹೇಳಲು ಕುಳಿತವರು ನಾಲ್ಕನೆಯದಕ್ಕೆ ಬಂದು ನಿಲ್ಲಿಸಿದರು. ನಾನು ಮಲಗಿದ್ದಲ್ಲಿಂದ ಅವರ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಅದನ್ನು ಬಿಟ್ಟು ಐದನೆಯದನ್ನು ಹೇಳಿ ಎದ್ದರು. ಸೋಮವಾರ ಅರಸೀಕೆರೆಯ ಬಸ್ಸು ಹತ್ತಿದರು. ಕ್ಲಿನಿಕ್ಕಿನವರು ಅವರ ಕಣ್ಣನ್ನೂ ನೋಡಲಿಲ್ಲವಂತೆ. ಅರ್ಜಿ ಅಂದೇ ಮಂಜೂರಾಯಿತು. ನನ್ನ ನಿಜಕ್ಕೆ ತಿಂಗಳುಗಟ್ಟಲೆ ಸಿಗದ ರುಜು ಅಮ್ಮನ ಸುಳ್ಳಿಗೆ ಅವರು ನಿಂತಿದ್ದಂತೆಯೇ ಸಿಕ್ಕಿತು. ಮುಂದಿನ ವಾರಗಳಲ್ಲಿ ಅದನ್ನು ಮುಂದುವರಿಸುವುದೂ ಅಷ್ಟೇ ಸುಲಭವಾಯಿತು.

ಶಾರದಮ್ಮನವರು ಅಮ್ಮನ ಶಾಲೆಯ ಹೊಲಿಗೆ ಟೀಚರು. ಹೊಸದಾಗಿ ಬಂದವರು, ಸಂಸ್ಥೆಯ ಪದ್ಧತಿ ತಿಳಿಯದವರು. ಜಯಮ್ಮನಿಗೆ ಕಾಮಾಲೆ ಎಂಬುದನ್ನು ಅವರು ನಂಬಿಬಿಟ್ಟರು. ಒಂದು ರಜೆಯ ದಿನ ಗೆಂಡೆಹಳ್ಳಿಗೆ ಹೋಗಿ, ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರ ಮನೆಯಲ್ಲಿ ಕಾದು ಕೂತು, ಉಂಡೆ ಮಾಡಿಸಿಕೊಂಡು, ಬಾಳೆಲೆಯಲ್ಲಿ ಸುತ್ತಿ, ಅಲ್ಲಿಂದ ಎರಡು ಬಸ್ಸು ಬದಲಿಸಿ ಹಳೇಬೀಡಿಗೆ ಬಂದರು. ಜೊತೆಗೆ ತಾಮ್ರದ ಚೊಂಬಿನಲ್ಲಿ ತರಬಾರದಂತೆಂದು ಸ್ಟೀಲ್ ಡಬ್ಬಿಯಲ್ಲಿ ಮಜ್ಜಿಗೆಯನ್ನೂ ತಂದಿದ್ದರು.

"ಬರಿ ಹೊಟ್ಟೇಲಿ ನುಂಗ್ಬೇಕಂತೆ ಜಯಮ್ಮಾರೇ. ಎಣ್ಣೆ, ಕಾರ, ಉಪ್ಪು ಬಿಡ್ಬೇಕಂತೆ. ನಾನೂ ನಿಮಗೋಸ್ಕರ ತಿಂಡಿ ತಿಂದಿಲ್ಲ. ಔಷಧಿ ತರೋರೂ ಉಪವಾಸ ಇರ್ಬೇಕಂತೆ," ಎಂದು ಬಿಸಿಲಿನಿಂದ ಬಂದವರು ಏದುಸಿರಿನಲ್ಲೇ ಹೇಳಿದರು.

ಅಮ್ಮ ಬಾಳೆಲೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಂತರು. ನುಂಗಿಬಿಡಲಿ ಎಂದು ನಾನು ಒಳಗಿನಿಂದ ಬೇಡಿಕೊಳ್ಳುತ್ತಿದ್ದೆ. ಸೊಪ್ಪಿನ ಉಂಡೆ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಅಮ್ಮ ಶಾರದಮ್ಮನವರ ಕೈ ಹಿಡಿದು ಕೂರಿಸಿದರು.

"ನನಗೆ ಕಾಮಾಲೆ ಇಲ್ಲ ಶಾರದಮ್ಮ. ಏನೂ ಆಗಿಲ್ಲ ನನಗೆ. ಒಳಗೆ ಮಗಳು ಮಲಗಿದ್ದಾಳೆ, ಅವಳಿಗೆ ಬೆನ್ನುಮೂಳೆ ಕ್ಷಯ. ಹಂಗಂದ್ರೆ ರಜೆ ಕೊಡಲ್ಲ ಅಂದ್ರು, ಕಾಮಾಲೆ ಅಂತ ಬರೆಸು ಅಂದ್ರು. ಕಾಗದಕ್ಕೆ ಹೇಳ್ದೆ. ನೀವು ಉಪವಾಸ ಬಂದಿದ್ದೀರಿ, ನಿಮಗೆ ಹೆಂಗೆ ಹೇಳಲಿ?"

ಶಾರದಮ್ಮನವರು ಒಳಗೆ ಬಂದು ನನ್ನನ್ನು ನೋಡಿದರು. ಅತ್ತೆಯ ಬಾಣಂತನದ ಸಾರಿನಲ್ಲಿ ಊಟ ಮಾಡಿದರು. ಹೋಗುವಾಗ, ಅಷ್ಟು ದೂರದಿಂದ ತಂದದ್ದು ವ್ಯರ್ಥವಾಗಬಾರದೆಂದು ಮಜ್ಜಿಗೆಯನ್ನು ನನಗೇ ಕುಡಿಸಿದರು.

ಮರುದಿನ ಅವರು ಶಾಲೆಯಲ್ಲಿ ಆಡಿದ್ದರಲ್ಲಿ ಚಾಡಿಯ ಲವಲೇಶವೂ ಇರಲಿಲ್ಲ ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಜಯಮ್ಮನವರು ಚೆನ್ನಾಗಿದ್ದಾರೆ, ಮಗಳಿಗೇ ಪಾಪ ಮೇಲೇಳೋಕೂ ಆಗ್ತಿಲ್ಲ, ಯಾರಾದರೂ ಸಹಾಯ ಮಾಡಿ ಎಂದು ಅಧ್ಯಾಪಕಿಯರ ಕೊಠಡಿಯಲ್ಲಿ ಮರುಗಿದ್ದರು. ಆ ಮರುಕ ಕಚೇರಿಯನ್ನು ಮುಟ್ಟುವಾಗ ದೂರಿನ ರೂಪ ತಾಳಿತ್ತು. ವಾರ ಕಳೆಯುವಷ್ಟರಲ್ಲಿ ಅಮ್ಮನಿಗೆ ನೋಟೀಸು ಬಂತು. ಸುಳ್ಳು ಪ್ರಮಾಣಪತ್ರ ಸಲ್ಲಿಸಿ ಸಂಸ್ಥೆಯನ್ನು ವಂಚಿಸಿದ ಆಪಾದನೆ, ವಿಚಾರಣೆ ಮುಗಿಯುವವರೆಗೆ ಅಮಾನತು.

ವಿಚಾರಣೆಗೆ ಅಮ್ಮನ ಜೊತೆ ಮಲ್ಲೇಶ ಮಾವ ಹೋಗಿದ್ದ. ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು, ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೇಜಿನ ಆಚೆ ಮಂಡಳಿಯ ಒಬ್ಬ ಸದಸ್ಯರು, ಪಕ್ಕದಲ್ಲಿ ಕಡತಗಳನ್ನು ಜೋಡಿಸುತ್ತ ರಂಗಸ್ವಾಮಿಯವರು.

"ನೀವು ಕೊಟ್ಟ ಸರ್ಟಿಫಿಕೇಟು ಸುಳ್ಳೋ, ನಿಜವೋ?"

"ಸುಳ್ಳು ಸಾರ್."

"ಬರ್ಕೊಳ್ಳಿ. ತಪ್ಪೊಪ್ಪಿಕೊಂಡಿದ್ದಾರೆ."

"ಯಾರು ಹೇಳ್ಕೊಟ್ರು ಅಂತಾನೂ ಕೇಳಿ ಸಾರ್. ಅವರು ಇಲ್ಲೇ ಇದ್ದಾರೆ."

"ಆ ಪ್ರಶ್ನೆ ಇದರಲ್ಲಿ ಇಲ್ಲಮ್ಮ."

ರಂಗಸ್ವಾಮಿಯವರು ಮುಂದಿನ ಕಡತ ತೆರೆದರಂತೆ. ಬಸ್ಸಿನಲ್ಲಿ ಮರಳುವಾಗ ಮಾವ, "ಸುಮ್ಕೆ ಸರ್ಟಿಫಿಕೇಟು ನಿಜ ಅಂದ್ಬುಡಬಾರದಾಗಿತ್ತಾ ಅಕ್ಕ? ಆ ಮೇಷ್ಟ್ರು ವರ್ಷಾ ವರ್ಷಾ ಕಾಮಾಲೆ ಅಂತ ರಾಗಿ ಕುಯ್ಕೊಂಡು ಬತ್ತಾನೆ, ಅವನ ಕಣ್ಣಿಗೆ ಯಾರು ಬ್ಯಾಟ್ರಿ ಬಿಟ್ಟವ್ರೆ?" ಎಂದನಂತೆ. ಅಮ್ಮ, "ಒಂದ್ಸಲ ಸುಳ್ಳು ಹೇಳಿ ನೋಡ್ದೆ ಮಲ್ಲೇಶ. ನನ್ನ ಕೈಲಿ ಅದು ಆಗಲ್ಲ," ಎಂದರಂತೆ.

ಮಾವನ ಪ್ರಶ್ನೆ ನನ್ನದೂ ಹೌದು. ಆ ಸಂಸ್ಥೆಯಲ್ಲಿ ಕಾಮಾಲೆಯಾದವರು ಹಲವರು, ವಿಚಾರಣೆಯಾದದ್ದು ಒಬ್ಬರದು. ಕೊಯ್ಯಲು ಹೊಲವಿದ್ದವರ ಕಣ್ಣಿನ ಬಣ್ಣವನ್ನು ಮಂಡಳಿ ಯಾವತ್ತೂ ಕೇಳಲಿಲ್ಲ. ಕೇಳಿದ್ದು ಹೊಲವೂ ಇಲ್ಲದ, ಮಂಡಳಿಯಲ್ಲಿ ತನ್ನವರೆಂಬವರೂ ಇಲ್ಲದ, ನಮ್ಮ ಕೇರಿಯಿಂದ ಬಂದ ಹೆಂಗಸಿನದು. ಇದು ಆಕಸ್ಮಿಕ ಎಂದು ಮಂಡಳಿ ಹೇಳುವುದಾದರೆ ಬರವಣಿಗೆಯಲ್ಲಿ ಹೇಳಲಿ.

ನಾನು ಎದ್ದು ನಿಂತ ದಿನದ ಬಗ್ಗೆಯೂ ಹೇಳಬೇಕು. ಇದನ್ನು ಹಾಸಿಗೆಯಲ್ಲಿ ಮಲಗಿ ಓದುತ್ತಿರುವವರು ಯಾರಾದರೂ ಇದ್ದರೆ, ಅವರಿಗಾಗಿ. ಬೆನ್ನಿಗೆ ಪಟ್ಟಿಯ ಕವಚ ತೊಡಿಸಿ, ಅಮ್ಮ ಒಂದು ಕಡೆ, ಮಾವ ಒಂದು ಕಡೆ ಹಿಡಿದು ನಿಲ್ಲಿಸಿದಾಗ ಕೋಣೆ ತಿರುಗಿತು. ನನ್ನ ಎತ್ತರ ನನಗೇ ಮರೆತುಹೋಗಿತ್ತು. ಅಮ್ಮನ ನೆತ್ತಿಯ ಬಿಳಿ ಕೂದಲು ಮೇಲಿನಿಂದ ಕಂಡಿತು. ಮಲಗಿದ್ದ ಕಾಲವೆಲ್ಲ ನಾನು ಅವರ ಗದ್ದವನ್ನಷ್ಟೇ ನೋಡಿದ್ದೆ. ಪಾದದಡಿಯ ನೆಲ ತಣ್ಣಗಿದೆ ಎಂದೆ. ಎಡಗಾಲಿಗೂ ತಣ್ಣಗಿದೆಯಾ ಎಂದು ಅಮ್ಮ ಕೇಳಿದರು. ಹೌದೆಂದೆ. ಅಮಾನತಿನ ಆದೇಶ ಬಂದಾಗಲೂ ಅಳದಿದ್ದವರು ಆಗ ಅತ್ತರು. ಕವಚ ಚರ್ಮವನ್ನು ಉಜ್ಜುತ್ತದೆಂದು ಕೇಳಿ, ತಮ್ಮ ಬಾಯಿಂದಲೇ ಎಲ್ಲ ಆಯಿತೆಂದು ಕೊರಗುತ್ತಿದ್ದ ಶಾರದಮ್ಮನವರು ಹಳೆಯ ಹತ್ತಿ ಸೀರೆಯಿಂದ ಒಳಅಂಗಿ ಹೊಲಿದು ತಂದರು. ಇಂದಿಗೂ ಅದನ್ನೇ ತೊಡುತ್ತೇನೆ.

ಮಾತ್ರೆಗಳು ಮುಗಿದಿವೆ. ಹಾಸನದ ವೈದ್ಯರು ಬರೆದುಕೊಟ್ಟರು: ಈಕೆ ನಿಲ್ಲಬಲ್ಲರು, ನಡೆಯಬಲ್ಲರು, ಪಾಠ ಹೇಳಬಲ್ಲರು. ಹಲವು ಓಡಾಟಗಳ ನಂತರ ನನ್ನ ಗೈರುಹಾಜರಿಯನ್ನು ಸಂಬಳವಿಲ್ಲದ ರಜೆಯೆಂದು ಬದಲಿಸಿ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದಾರೆ. ಕಾಯಿಲೆ ಬಿದ್ದವಳು ಪಾಠ ಹೇಳುತ್ತಿದ್ದೇನೆ. ಅವಳನ್ನು ಮೇಲೆತ್ತಿದವರು ಮಹಡಿಯ ಬಾಡಿಗೆ ಮನೆಯಲ್ಲಿ, ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ, ಗಂಟೆ ಹೊಡೆದಾಗಲೆಲ್ಲ ಎದ್ದು ನಿಂತು ಮತ್ತೆ ಕೂರುತ್ತಿದ್ದಾರೆ. ವಿಚಾರಣಾ ವರದಿ ಇನ್ನೂ ಬಂದಿಲ್ಲ. ಕೇಳಿದರೆ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ನಿವೃತ್ತಿ ದೂರವಿಲ್ಲದ ಅಮ್ಮ, ಕಳಂಕ ಹೊತ್ತುಕೊಂಡೇ ಆ ಗೇಟು ದಾಟಬೇಕೇ ಎಂದು ನನ್ನನ್ನು ಕೇಳುವುದಿಲ್ಲ. ಭಾನುವಾರ ದೀಪ ಹಚ್ಚುತ್ತಾರೆ, ಮೂರು ಶೀಲ ಹೇಳಿ ನಿಲ್ಲುತ್ತಾರೆ, ಐದನೆಯದನ್ನು ಹೇಳಿ ಏಳುತ್ತಾರೆ. ನನ್ನಮ್ಮನಿಂದ ನೀವು ಕಿತ್ತುಕೊಂಡದ್ದು ಕುರ್ಚಿಯೊಂದನ್ನೇ ಅಲ್ಲ.

ಆದ್ದರಿಂದ ಮಾನ್ಯ ಆಡಳಿತ ಮಂಡಳಿಯಲ್ಲಿ ನನ್ನ ಮನವಿ ಇದು. ಜಯಮ್ಮನವರ ಅಮಾನತನ್ನು ಕೂಡಲೇ ರದ್ದುಪಡಿಸಿ ಅವರನ್ನು ಕೆಲಸಕ್ಕೆ ಕರೆಯತಕ್ಕದ್ದು. ವಿಚಾರಣೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳತಕ್ಕದ್ದು, ಮತ್ತು ಅದಕ್ಕೆ ಬಂದ ಉತ್ತರವನ್ನೂ ಬರೆದುಕೊಳ್ಳತಕ್ಕದ್ದು. ಕಾಮಾಲೆಯ ದಾರಿ ತೋರಿಸಲು ಹೇಳಿದವರು ಕಾರ್ಯದರ್ಶಿಗಳೇ ಎಂಬ ಮಾತು ನಿಜವೋ ಅಲ್ಲವೋ ಎಂಬುದಕ್ಕೆ ಅವರ ರುಜುವಿನೊಂದಿಗೆ ಲಿಖಿತ ಉತ್ತರ ಬೇಕು. ಏಳಲಾಗದವರನ್ನು ಖುದ್ದು ಹಾಜರಾಗಿರೆನ್ನುವ ಸುತ್ತೋಲೆಯನ್ನು ಹಿಂತೆಗೆದುಕೊಳ್ಳತಕ್ಕದ್ದು. ಮನೆಯವರ ಕಾಯಿಲೆಗೆ ರಜೆ ಕೇಳುವ ನೌಕರರು ಇನ್ನು ಮುಂದೆ ತಮ್ಮ ಮೈಗೇ ರೋಗ ಬರೆಸಿಕೊಳ್ಳಬೇಕಾಗದಂಥ ನಿಯಮವೊಂದನ್ನು ಮಾಡತಕ್ಕದ್ದು.

ಉತ್ತರವನ್ನು ನನ್ನ ಹೆಸರಿಗಲ್ಲ, ಅಮ್ಮನ ಹೆಸರಿಗೆ ಕಳಿಸಿರಿ. ಅವರ ಸೇವಾ ಪುಸ್ತಕದಲ್ಲಿ ಆ ದಿನಗಳ ಎದುರಿಗೆ ಇರುವ ಕಾಮಾಲೆ ಎಂಬ ಪದವನ್ನು ಹೊಡೆದುಹಾಕಿ, ಅವರು ಮೊದಲ ಅರ್ಜಿಯಲ್ಲಿ ಬರೆದಿದ್ದ ಕಾರಣವನ್ನೇ ಅಲ್ಲಿ ಬರೆಯಿರಿ: ಮಗಳ ಆರೈಕೆ. ಅದು ನಿಜವೆನ್ನಲು ನಿಮ್ಮ ನಿಯಮದಂತೆ ರೋಗಿಯು ಖುದ್ದು ಹಾಜರಾಗಬೇಕೆಂದಾದರೆ ದಿನ ತಿಳಿಸಿರಿ. ಜೀಪು ಬೇಕಿಲ್ಲ, ಹಲಗೆ ಬೇಕಿಲ್ಲ. ನಾನು ನಡೆದು ಬರುತ್ತೇನೆ.